ಉಪ್ಪು ಬಿಟ್ಟ ದಿನಗಳು

ನನ್ನ ಅಂಗೈಯ ಗೆರೆಗಳು ಕಪ್ಪಾಗಿದ್ದನ್ನು ಮೊದಲು ನೋಡಿದ್ದು ನಾನಲ್ಲ, ನನ್ನ ಜೊತೆ ಕೆಲಸ ಮಾಡುವ ಇಂಗ್ಲಿಷ್ ಉಪನ್ಯಾಸಕಿ. ರಾಬರ್ಟ್‌ಸನ್‌ಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಊಟಕ್ಕೆ ಮೊದಲು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಸೀಮೆಸುಣ್ಣದ ಪುಡಿಯೆಲ್ಲ ಹೋಗಿತ್ತು. "ಗೆರೆಗಳಲ್ಲಿ ಮಸಿ ಹಾಗೇ ಇದೆ ನೋಡಿ" ಎಂದರು ಅವರು. ಮತ್ತೆ ಸೋಪು ಹಚ್ಚಿದೆ. ಹೋಗಲಿಲ್ಲ. ಮುಷ್ಟಿ ಕಟ್ಟಿಕೊಂಡು "ಸ್ಕೆಚ್ ಪೆನ್ನಿನದು" ಎಂದೆ. ಆ ದಿನ ನಾನು ಸ್ಕೆಚ್ ಪೆನ್ನು ಮುಟ್ಟಿರಲೇ ಇಲ್ಲ.

ಈ ಕಾಯಿಲೆಯ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು. ಆಮೇಲೆ ಹೇಳಿದ ಸುಳ್ಳುಗಳನ್ನೂ, ಹೇಳದೆ ಉಳಿಸಿಕೊಂಡ ನಿಜಗಳನ್ನೂ ಇಲ್ಲಿ ಬರೆಯಬೇಕಾಗಿದೆ. ನನ್ನ ವಿಷಯವನ್ನು ನಾಲ್ಕು ಜನರ ಮುಂದೆ ಇಡುವ ಅಭ್ಯಾಸ ನನಗಿಲ್ಲ. ಹಾಗೆ ಇಡದೆ ಇದ್ದದ್ದರಿಂದ ಏನಾಯಿತು ಎನ್ನುವುದೇ ಈ ಬರಹ.

ನಮ್ಮ ಊರು ಬಂಗಾರಪೇಟೆಯಿಂದ ಒಳಕ್ಕೆ ನಾಲ್ಕು ಕಿಲೋಮೀಟರು. ಎರಡು ಸೀಮೆ ಹಸುಗಳಿವೆ. ಅಪ್ಪ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ, ಅಮ್ಮ ಹಸುಗಳನ್ನು ನೋಡಿಕೊಳ್ಳುತ್ತಾಳೆ, ನಾನು ಬಸ್ಸು ಹಿಡಿದು ಕೆಲಸಕ್ಕೆ ಹೋಗಿ ಬರುತ್ತೇನೆ. ಆ ವರ್ಷ ಚಳಿಗಾಲದಲ್ಲಿ ಮೊದಲು ಬೆರಳಿನ ಗಿಣ್ಣುಗಳು ಕಪ್ಪಾದವು, ಆಮೇಲೆ ಮೊಣಕೈ, ಆಮೇಲೆ ಚಿಕ್ಕಂದಿನಲ್ಲಿ ಬಿದ್ದು ಆದ ಮಂಡಿಯ ಗಾಯದ ಗುರುತು. ಕಡೆಗೆ ಮುಖ. ಒಂದೇ ದಿನ ಆಗಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದೆನೇನೋ. ಅದು ಸಂಜೆಯ ಬೆಳಕು ಕಡಿಮೆಯಾಗುವ ಹಾಗೆ ಆಯಿತು. ಯಾವಾಗ ದೀಪ ಹಾಕಬೇಕೆಂದು ಗೊತ್ತಾಗಲಿಲ್ಲ.

"ಬಸ್ ಸ್ಟಾಪ್ನಾಗೆ ಬಿಸ್ಲಿಗೆ ನಿಂತ್ರೆ ಇನ್ನೇನಾಯ್ತದೆ? ಕೊಡೆ ತಗಂಡೋಗು ಅಂದ್ರೆ ಕೇಳಾಕಿಲ್ಲ," ಎಂದಳು ಅಮ್ಮ.

ಕೊಡೆ ಹಿಡಿದೆ. ಆ ಮಾರ್ಚಿನಲ್ಲಿ ಕಾಲೇಜಿನ ಮಹಿಳಾ ದಿನಾಚರಣೆಯಲ್ಲಿ ನನ್ನನ್ನು ಮಾತಾಡಲು ಕರೆದರು. ಬಣ್ಣ ನೋಡಿ ಹೆಣ್ಣನ್ನು ಅಳೆಯುವುದು ನಾಚಿಕೆಗೇಡು ಎಂದು ಹತ್ತು ನಿಮಿಷ ಹೇಳಿದೆ, ಹುಡುಗಿಯರು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಕತ್ತು ಉರಿಯುವವರೆಗೆ ಉಜ್ಜಿದೆ.

ಬಣ್ಣದ ಜೊತೆಗೆ ಬೇರೆಯದೂ ಇತ್ತು. ಕಾಲೇಜಿನ ಎರಡನೇ ಮಹಡಿಗೆ ಹತ್ತುವಾಗ ನಡುವೆ ನಿಂತು ಮೊಬೈಲು ನೋಡುವ ನಟನೆ ಮಾಡುತ್ತಿದ್ದೆ, ಏದುಸಿರು ಇಳಿಯಲಿ ಎಂದು. ಕೂತವಳು ಎದ್ದರೆ ಕಣ್ಣು ಕತ್ತಲೆ. ರವಿಕೆಗಳು ಸಡಿಲವಾದವು. ಮತ್ತೆ, ಉಪ್ಪು. ಇದನ್ನು ಹೇಗೆ ಬರೆಯಲಿ? ಬಾಯಾರಿದವರಿಗೆ ನೀರು ಹೇಗೋ ನನಗೆ ಉಪ್ಪು ಹಾಗೆ ಬೇಕಾಗುತ್ತಿತ್ತು. ಉಪ್ಪಿನಕಾಯಿ ಜಾಡಿಯ ರಸ ಕುಡಿದೆ. ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಒಂದು ಹಿಡಿ ಸುರಿದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಹಿತ್ತಲಲ್ಲಿ ಹಸಿ ಹುಣಸೆಕಾಯಿಯನ್ನು ಉಪ್ಪಿಗೆ ಅದ್ದಿ ತಿನ್ನುತ್ತಿದ್ದೆ. ಬೆಳಿಗ್ಗೆ ವಾಂತಿ ಮಾಡಿಕೊಂಡದ್ದೂ ನಿಜ. ಪಕ್ಕದ ಬೀದಿಯ ಮುನಿರತ್ನಮ್ಮ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಮ್ಮನಿಗೆ, "ಏನಕ್ಕಾ ಸಮಾಚಾರ? ಮದ್ವೆ ಊಟ ಆಕ್ದೇನೇ ಸೀಮಂತದ ಊಟ ಆಕ್ತೀರಾ ಎಂಗೆ?" ಎಂದು ನಕ್ಕರು. ಅವರದು ಬಾಯಿ ಅಷ್ಟೇ, ಮನಸ್ಸಲ್ಲಿ ಏನೂ ಇರಲಿಲ್ಲ. ಆದರೆ ಅಮ್ಮ ನಗಲಿಲ್ಲ. ಆ ಸಂಜೆ ನನ್ನ ಪಕ್ಕ ಕೂತು, ನನ್ನ ಮುಖ ನೋಡದೆ, "ತಿಂಗ್ಳು ತಿಂಗ್ಳು ಸರಿಯಾಗಿ ಆಯ್ತಾ ಐತಾ?" ಎಂದು ಕೇಳಿದಳು. ಎರಡು ತಿಂಗಳಿಂದ ಆಗಿರಲಿಲ್ಲ. "ಆಗ್ತಿದೆ" ಎಂದೆ. ಅಂದಿನಿಂದ ಯಾರ ಎದುರಿಗೂ ಉಪ್ಪು ಮುಟ್ಟಲಿಲ್ಲ.

ಅದಾದ ಮೇಲೆ ಅಮ್ಮ ನನ್ನನ್ನು ಆಂಧ್ರದ ಗಡಿಯ ಆಚೆ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಚರ್ಮಕ್ಕೆ ನಾಟಿ ಔಷಧಿ ಕೊಡುವ ಹಿರಿಯರೊಬ್ಬರಿದ್ದಾರೆ. ಅಮ್ಮನ ತವರಿನವರೆಲ್ಲ ಅವರ ಹತ್ತಿರವೇ ಹೋಗಿ ಬಂದವರು. ನಾನು ಎಂ.ಎಸ್ಸಿ. ಓದಿದವಳು, ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಡಾಕ್ಟರು ಪ್ರಶ್ನೆ ಕೇಳುತ್ತಾರೆ, ಇವರು ಕೇಳಲಾರರು ಎಂಬ ಲೆಕ್ಕ ನನ್ನದು.

ಅವರು ಒಳ್ಳೆಯವರು. ನನ್ನ ಕೈ ಹಿಡಿದು ಉಗುರು ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು. "ಎನ್ನಾಳ್ಳಯಿಂದಿ ತಲ್ಲೀ?" ಎಂದು ತೆಲುಗಿನಲ್ಲಿ ಎಷ್ಟು ದಿನವಾಯಿತೆಂದು ಕೇಳಿದರು. ನನ್ನ ಬದಲು ಅಮ್ಮ ಹೇಳಿದಳು. ಅವರು ಕನ್ನಡಕ್ಕೆ ಹೊರಳಿ, "ರಕ್ತ ಕೆಟ್ಟೈತೆ. ಈ ಪುಡಿ ಮಜ್ಜಿಗೇಲಿ ಕೊಡಮ್ಮಾ. ನಲವತ್ತೆಂಟು ದಿನ ಉಪ್ಪು ಬುಡ್ಬೇಕು. ಒಂದು ಕಲ್ಲೂ ನಾಲ್ಗೆ ಮ್ಯಾಲೆ ಬೀಳ್ಬಾರ್ದು. ಬಿದ್ರೆ ಮಾಡಿದ್ದೆಲ್ಲ ನೀರಾಗೆ ಓದಂಗೆ," ಎಂದರು. ನಾವು ಕೊಟ್ಟ ವೀಳ್ಯದೆಲೆ ಬಿಟ್ಟು ಅವರು ದುಡ್ಡೇನೂ ಮುಟ್ಟಲಿಲ್ಲ.

ಚರ್ಮದ ತೊಂದರೆ ಇದ್ದವರು ಉಪ್ಪು ಬಿಡುವುದು ನಮ್ಮ ಕಡೆ ಹೊಸದಲ್ಲ. ಕಜ್ಜಿಯಾದರೂ ಬಿಡುತ್ತಾರೆ, ಸರ್ಪಸುತ್ತಾದರೂ ಬಿಡುತ್ತಾರೆ. ಅಮ್ಮ ಮರುದಿನದಿಂದ ಬೇರೆ ಮಡಕೆ ಇಟ್ಟಳು. ಅಪ್ಪನಿಗೆ ಒಂದು ಸಾರು, ನನಗೊಂದು ಸಪ್ಪೆ ಸಾರು. ಎರಡನೇ ದಿನ ನೋಡುತ್ತೇನೆ, ಅಮ್ಮನೂ ನನ್ನ ಮಡಕೆಯಿಂದಲೇ ಬಡಿಸಿಕೊಳ್ಳುತ್ತಿದ್ದಾಳೆ.

"ನಿನಗ್ಯಾಕಮ್ಮ?"

"ನೀನೊಬ್ಳೇ ಸಪ್ಪೆ ಉಣ್ಣಾದು ನೋಡಾಕಾಗಲ್ಲ. ನಂಗೇನು, ನಾಲ್ಗೆ ಕೆಟ್ಟೋಗೈತಾ? ಉಣ್ಣು ಸುಮ್ಕೆ."

ಹಾಗೆ ಅಮ್ಮನೂ ನಾನೂ ಸೇರಿ ಪಥ್ಯ ಮಾಡಿದೆವು. ಮೂರನೇ ದಿನ ನಾನು ಕದ್ದೆ.

ಕೊಟ್ಟಿಗೆಯಲ್ಲಿ ಬೂಸದ ಚೀಲದ ಪಕ್ಕ ಒಂದು ತಗಡಿನ ಡಬ್ಬದಲ್ಲಿ ಹಸುಗಳಿಗೆಂದು ಕಲ್ಲುಪ್ಪು ಇರುತ್ತದೆ. ಕಲಗಚ್ಚಿಗೆ ಒಂದು ಹಿಡಿ ಹಾಕುತ್ತಾರೆ. ಅಡುಗೆಮನೆಯ ಉಪ್ಪು ಅಮ್ಮನ ಕಣ್ಣೆದುರು, ಇದು ಯಾರ ಕಣ್ಣಿಗೂ ಬೀಳದು. ಬೆಳಿಗ್ಗೆ ಅಮ್ಮ ಹಾಲು ಸೋಸಲು ಒಳಗೆ ಹೋದಾಗ ನಾಲ್ಕು ಕಲ್ಲು ಬಾಯಿಗೆ ಹಾಕಿಕೊಂಡೆ. ಹೊಟ್ಟು ಅಂಟಿತ್ತು. ಕಣ್ಣಲ್ಲಿ ನೀರು ಬಂತು, ಅಷ್ಟು ರುಚಿ. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ. ಕರ್ಚೀಫಿನಲ್ಲಿ ಕಟ್ಟಿಕೊಂಡು ಕಾಲೇಜಿಗೂ ಒಯ್ಯುತ್ತಿದ್ದೆ.

"ಈ ಗೌರಿ ಯಾಕೋ ಉಪ್ಪು ಜಾಸ್ತಿ ತಿಂತಾವ್ಳೆ," ಎಂದರು ಅಪ್ಪ ಒಂದು ದಿನ. ಗೌರಿ ನಮ್ಮ ದೊಡ್ಡ ಹಸು. ನಾನು ತಲೆ ಬಗ್ಗಿಸಿ ಪೇಪರು ತಿದ್ದುತ್ತಲೇ ಇದ್ದೆ.

ಬಣ್ಣ ತಿಳಿಯಾಗಲಿಲ್ಲ. ಇಪ್ಪತ್ತು ದಿನವಾದ ಮೇಲೆ ಒಸಡಿನಲ್ಲೂ ಕಪ್ಪು ಮಚ್ಚೆ ಬಂತು. ಕಾರಣ ನನಗೆ ಸ್ಪಷ್ಟವಾಗಿತ್ತು: ನಾನು ಕದಿಯುತ್ತಿದ್ದೆ, ಅದಕ್ಕೆ ಔಷಧಿ ಹತ್ತುತ್ತಿರಲಿಲ್ಲ. ಅಮ್ಮ ನನಗಾಗಿ ಸಪ್ಪೆ ಉಣ್ಣುತ್ತಿದ್ದಳು, ನಾನು ಹಸುವಿನ ಬಾಯಿಂದ ಕಸಿದು ತಿನ್ನುತ್ತಿದ್ದೆ.

ಇಂಗ್ಲಿಷ್ ಉಪನ್ಯಾಸಕಿಯ ಒತ್ತಾಯಕ್ಕೆ ರಾಬರ್ಟ್‌ಸನ್‌ಪೇಟೆಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಅಮ್ಮ ಜೊತೆಗೆ ಬಂದಳು. ಕಿರಿದಾದ ಕೋಣೆ, ಬೆಂಚಿನ ಮೇಲೆ ಮೊಡವೆಯ ಹುಡುಗರು, ಮಗುವಿನ ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ತಾಯಿ. ಎಲ್ಲರೂ ಗೋಡೆ ನೋಡುತ್ತಾ ಕೂತಿದ್ದರು. ಚೀಟಿ ಬರೆಯುವ ಹೆಂಗಸು ತಮಿಳು ಕಲಸಿದ ಕನ್ನಡದಲ್ಲಿ ಕೂರಲು ಹೇಳಿ, "ಉಟ್ಕಾರು ಮಾ. ಮದ್ವೆ ಆಗಿದ್ಯಾ? ಪ್ರೆಗ್ನೆಂಟಾ?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು. ಗೋಡೆ ನೋಡುತ್ತಿದ್ದವರೆಲ್ಲ ನನ್ನನ್ನು ನೋಡಿದರು. ಮಗುವಿನ ತಾಯಿ ಮಾತ್ರ ಸ್ವಲ್ಪ ಸರಿದು ಅಮ್ಮನಿಗೆ ಜಾಗ ಕೊಟ್ಟಳು. ಅಷ್ಟು ಸಣ್ಣದು ಇಂದಿಗೂ ನೆನಪಿದೆ.

ಡಾಕ್ಟರು ನನ್ನ ಅಂಗೈಯನ್ನು ಬೆಳಕಿಗೆ ಹಿಡಿದರು, ಒಸಡು ನೋಡಿದರು. ಪೆನ್ನು ಕೆಳಗಿಟ್ಟು ಕೇಳಿದರು: "ಉಪ್ಪು ತಿನ್ನಬೇಕು ಅಂತ ತುಂಬಾ ಆಸೆ ಆಗುತ್ತಾ?"

ಇವರಿಗೆ ಹೇಗೆ ಗೊತ್ತಾಯಿತು?

ಅಮ್ಮ ಹೆಮ್ಮೆಯಿಂದ, "ಉಪ್ಪು ಮುಟ್ಟಾಕೇ ಇಲ್ಲ ಡಾಕ್ಟ್ರೇ. ಇಪ್ಪತ್ತೈದು ದಿನ ಆಯ್ತು, ಒಂದು ಕಲ್ಲೂ ಬಾಯ್ಗಾಕಿಲ್ಲ," ಎಂದಳು.

ಡಾಕ್ಟರು ಅಮ್ಮನನ್ನು ಬಿಟ್ಟು ನನ್ನನ್ನೇ ನೋಡಿದರು. "ನೀವು ಹೇಳಿ."

"ಇಲ್ಲ," ಎಂದೆ.

ಅವರು ಆದರೂ ಒಂದು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಬೆಳಿಗ್ಗೆ ಎಂಟು ಗಂಟೆಗೇ ರಕ್ತ ಕೊಡಬೇಕು, ತಡ ಮಾಡಬೇಡಿ ಎಂದರು. ನಾನು ಕೊಡಲಿಲ್ಲ. ರಕ್ತದಲ್ಲಿ ಉಪ್ಪು ಎಷ್ಟಿದೆಯೆಂದು ಅಳೆಯುತ್ತಾರೆ, ಕಾಗದದ ಮೇಲೆ ಬರುತ್ತದೆ, ಅಮ್ಮನ ಎದುರು ಓದುತ್ತಾರೆ ಎಂದು ಹೆದರಿದೆ. ಮಕ್ಕಳಿಗೆ ಕಲನಶಾಸ್ತ್ರ ಕಲಿಸುವವಳು ನನ್ನ ರಕ್ತ ನನ್ನ ಮೇಲೆ ಚಾಡಿ ಹೇಳುತ್ತದೆ ಎಂದು ನಂಬಿದೆ. ಈ ಒಂದು ವಾಕ್ಯ ಬರೆಯಲು ನನಗೆ ಎರಡು ವಾರ ಬೇಕಾಯಿತು.

ಸಿಕ್ಕಿಬಿದ್ದದ್ದು ಅದಾದ ಮೂರು ದಿನಕ್ಕೆ. ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ, ಬಾಯಿ ತುಂಬಾ ಇತ್ತು. ಬಾಗಿಲಲ್ಲಿ ಅಮ್ಮ.

"ದನದ್ದಾ?" ಎಂದಳು. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು.

ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅಮ್ಮ ಬೂಸದ ಚೀಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡಳು. "ಏನ್ ಓದಿದ್ಯೇ ನೀನು? ಒಂದ್ ನಾಲ್ಗೆ ಕಟ್ಟಾಕಾಗ್ಲಿಲ್ವಾ? ನಾನು ಕಟ್ಟಿಲ್ವಾ?" ಎಂದು ಅತ್ತಳು. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. "ಆಣೆ ಮಾಡು. ಇನ್ನ ಮುಟ್ಟಾಕಿಲ್ಲ ಅನ್ನು."

ಆಣೆ ಮಾಡಿದೆ. ನನ್ನ ಬದುಕಿನಲ್ಲಿ ನಾನು ಅಕ್ಷರಶಃ ಪಾಲಿಸಿದ ಮಾತು ಅದೊಂದೇ ಇರಬೇಕು. ಒಂಬತ್ತು ದಿನ ಒಂದು ಕಲ್ಲು ಉಪ್ಪು ನಾಲಗೆಗೆ ಸೋಕಿಸಲಿಲ್ಲ. ನಾಲ್ಕನೇ ದಿನಕ್ಕೆ ಸ್ನಾನ ಮಾಡಿ ಸೀರೆ ಉಡುವಷ್ಟರಲ್ಲಿ ಎರಡು ಸಲ ಕೂರಬೇಕಾಯಿತು. ಏಳನೇ ದಿನ ಜ್ವರ, ವಾಂತಿ. ಕೆಟ್ಟ ರಕ್ತ ಹೊರಗೆ ಹೋಗುತ್ತಿದೆ ಎಂದಳು ಅಮ್ಮ. ನನಗೂ ಹಾಗೇ ಅನಿಸಿತು; ಕೊನೆಗೂ ಔಷಧಿ ಹತ್ತುತ್ತಿದೆ ಎಂದು ಸಮಾಧಾನವಾಯಿತು. ಒಂಬತ್ತನೇ ದಿನ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಹೋದೆ. ಉತ್ತರ ಪತ್ರಿಕೆ ಹಂಚಿದ್ದು ನೆನಪಿದೆ. ಮುಂದಿನ ಬೆಂಚಿನ ಹುಡುಗಿ "ಮೇಡಂ" ಎಂದದ್ದೂ ನೆನಪಿದೆ. ನೆಲ ತಣ್ಣಗಿತ್ತು.

ಎಚ್ಚರವಾದಾಗ ಕೋಲಾರದ ಒಂದು ಆಸ್ಪತ್ರೆಯಲ್ಲಿದ್ದೆ. ಕೈಗೆ ಸೂಜಿ, ಮೇಲೆ ಬಾಟಲು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು, ಡೇರಿಯಿಂದ ಬಂದ ಪಂಚೆಯಲ್ಲೇ. ಅಮ್ಮ ನನ್ನ ಪಾದ ಹಿಡಿದು ಕೂತಿದ್ದಳು. ಒಬ್ಬ ಯುವ ಡಾಕ್ಟರು ಬಂದು ಅದೇ ಪ್ರಶ್ನೆ ಕೇಳಿದರು. ಉಪ್ಪು.

ಅಮ್ಮ ಬಾಯಿ ತೆರೆದಳು. ನಾನು ಮೊದಲು ಮಾತಾಡಿದೆ. ಎಲ್ಲ ಹೇಳಿದೆ: ಹುಣಸೆಕಾಯಿ, ತಪ್ಪಿದ ಮುಟ್ಟು, ಪಥ್ಯ, ಕೊಟ್ಟಿಗೆ, ಕರ್ಚೀಫು, ಕೊಡದೆ ಬಿಟ್ಟ ರಕ್ತ. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿದರು.

"ಹಸುವಿನ ಉಪ್ಪು ತಿಂತಿದ್ದಿದ್ದಕ್ಕೇ ಅಷ್ಟು ದಿನ ಓಡಾಡಿಕೊಂಡಿದ್ದೀರಿ," ಎಂದರು. "ನಿಮ್ಮ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳೋದನ್ನು ಬಿಟ್ಟುಬಿಟ್ಟಿದೆ. ಅದಕ್ಕೇ ಅದು ಕೇಳ್ತಿತ್ತು. ಬಣ್ಣ ಬದಲಾಗಿದ್ದೂ ಅದೇ ಕಾಯಿಲೆಯಿಂದ."

ಅಮ್ಮ ನಿಧಾನವಾಗಿ, "ಈ ಬಾಟ್ಲಿನಾಗೆ ಏನೈತೆ ಸ್ವಾಮಿ?" ಎಂದು ಕೇಳಿದಳು.

"ಮುಖ್ಯವಾಗಿ ಉಪ್ಪು ನೀರೇ ಅಮ್ಮ."

ಅಮ್ಮ ಬಾಟಲನ್ನೇ ನೋಡಿದಳು. ಒಂದೊಂದೇ ಹನಿ ಬೀಳುತ್ತಿತ್ತು. ಬಹಳ ಹೊತ್ತು ನೋಡಿ ಎದ್ದು ಹೊರಗೆ ಹೋದಳು. ಅಪ್ಪ ಹಿಂದೆ ಹೋಗಲಿಲ್ಲ. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು. ನೇರವಾಗಿ ನರ್ಸಿನ ಹತ್ತಿರ ಹೋಗಿ ಕೇಳಿದಳು: "ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ತಂದ್ರೆ ಕೊಡ್ಬೋದಾ ತಾಯಿ?" ನರ್ಸು ನಕ್ಕರು. ನಾನೂ ನಕ್ಕೆ, ನಕ್ಕಿದ್ದಕ್ಕೆ ವಾಂತಿ ಬಂತು.

ಕಾಯಿಲೆಯ ಹೆಸರು ಅಡಿಸನ್. ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು. ಅವು ಮಾಡಬೇಕಾದ್ದನ್ನು ಈಗ ಮಾತ್ರೆಗಳು ಮಾಡುತ್ತವೆ, ಜೀವನಪೂರ್ತಿ. ಜ್ವರ ಬಂದರೆ ಡಾಕ್ಟರು ಹೇಳಿದ ಹಾಗೆ ಹೆಚ್ಚು ನುಂಗಬೇಕು, ವಾಂತಿಯಾದರೆ ಆಸ್ಪತ್ರೆಗೆ ಓಡಬೇಕು. ಬ್ಯಾಗಿನಲ್ಲಿ ಕಾಯಿಲೆಯ ವಿವರ ಬರೆದ ಒಂದು ಕಾರ್ಡು ಇರುತ್ತದೆ. ಅಭ್ಯಾಸವಾಗಿದೆ.

ತಿಂಗಳುಗಳು ಕಳೆದ ಹಾಗೆ ಬಣ್ಣ ತಿಳಿಯಾಯಿತು, ಬಂದ ಹಾಗೆಯೇ ನಿಧಾನವಾಗಿ. ಊರಿಗೆ ಅದು ಕಂಡಿತು. ನಾನು ಎರಡನೇ ಮಹಡಿಯನ್ನು ನಡುವೆ ನಿಲ್ಲದೆ ಹತ್ತುವುದು ಊರಿಗೆ ಕಾಣಲಿಲ್ಲ. ನಾನು ಆಸ್ಪತ್ರೆಯಲ್ಲಿದ್ದದ್ದು ಜ್ವರಕ್ಕೆ ಎಂದು ಅಮ್ಮ ಹೇಳಿದ್ದಳು, ನಾನೂ ಹಾಗೇ ಹೇಳಿದ್ದೆ. ಹಾಗಾಗಿ ಬಣ್ಣ ತಿಳಿಯಾದದ್ದರ ಕೀರ್ತಿ ಪಥ್ಯಕ್ಕೆ ಹೋಯಿತು.

ಒಂದು ಸಂಜೆ ಮುನಿರತ್ನಮ್ಮ ಬಂದರು. ನಾನು ಒಳಗಿನ ಕೋಣೆಯಲ್ಲಿದ್ದೆ. ಅವರ ಮಗಳು ಗಾಯತ್ರಿ ಪಿಯುಸಿ ಓದುವವಳು. ಅವಳ ಕತ್ತು, ಕಂಕುಳು ಕಪ್ಪಾಗಿ ದಪ್ಪಗಾಗಿವೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ ಎಂದರು.

"ನಿನ್ ಮಗ್ಳಿಗೆ ಆ ತಾತನ ಔಸ್ದಿ ಹತ್ಲಿಲ್ವಾ ಅಕ್ಕಾ? ಎಂಗಿದ್ದೋಳು ಎಂಗಾದ್ಳು! ನಾನೂ ಕರ್ಕಂಡೋಗ್ಲಾ?"

ಅಮ್ಮ ಸುಮ್ಮನಿದ್ದಳು. ನಾನು ಗೋಡೆಯ ಈಚೆ ಸುಮ್ಮನಿದ್ದೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ನಡುಮನೆ.

"ಪಥ್ಯ ಕಷ್ಟ ಕಣೇ," ಎಂದಳು ಅಮ್ಮ ಕೊನೆಗೆ.

"ಅಯ್ಯೋ, ಕಷ್ಟ ಬಿದ್ರೆ ಬೀಳ್ತಾಳೆ ಬುಡು."

ಅವರು ಹೋದರು. ಅಮ್ಮ ಒಳಗೆ ಬರಲಿಲ್ಲ, ನಾನು ಹೊರಗೆ ಹೋಗಲಿಲ್ಲ. ಕೊಟ್ಟಿಗೆಯ ವಿಷಯಕ್ಕಿಂತ, ಡಾಕ್ಟರಿಗೆ ಹೇಳಿದ ಸುಳ್ಳಿಗಿಂತ, ಆ ನಾಲ್ಕು ಹೆಜ್ಜೆಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವರ ಮನೆಗೆ ಹೋದೆ. ಮುನಿರತ್ನಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದರು. ನಿಂತೇ ಹೇಳಿದೆ. ಕಲಿತ ಪಾಠ ಒಪ್ಪಿಸುವ ಹಾಗೆ, ಮೊದಲಿಂದ ಕೊನೆಯವರೆಗೆ. ಅವರು ಸೀಮಂತದ ಮಾತಾಡಿದ ದಿನವನ್ನೂ ಬಿಡಲಿಲ್ಲ.

ಅವರ ಕೈ ನಿಂತಿತು. "ಮತ್ತೆ ನಿನ್ನೆ ನಿಮ್ಮಮ್ಮ ಯಾಕೆ ಏಳ್ಲಿಲ್ಲ? ನೀನೂ ಮನೇಲೇ ಇದ್ದೆ ಅಲ್ವಾ?"

"ಇದ್ದೆ."

"ಕೇಳಿಸ್ಕಂಡೂ ಸುಮ್ಕಿದ್ದಾ?"

"ಹೂಂ."

ಅವರು ಕ್ಯಾನನ್ನು ಬೋರಲು ಹಾಕಿದರು. ಬಾಗಿಲ ಹಿಂದಿನಿಂದ ಗಾಯತ್ರಿ ಬಂದಳು, ದುಪಟ್ಟಾವನ್ನು ಕತ್ತಿಗೆ ಬಿಗಿಯಾಗಿ ಸುತ್ತಿದ್ದಳು, ಅಂಥ ಸೆಕೆಯಲ್ಲಿ. "ನಾನು ಡಾಕ್ಟ್ರ ಹತ್ರ ಓಯ್ತೀನಮ್ಮ," ಎಂದಳು. ಆ ಶನಿವಾರ ಅದೇ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವಳದು ನನ್ನ ಕಾಯಿಲೆಯಲ್ಲ, ಬೇರೆ. ಸಕ್ಕರೆಗೆ ಸಂಬಂಧಪಟ್ಟದ್ದು, ಚಿಕಿತ್ಸೆ ಇರುವಂಥದ್ದು. ರಕ್ತ ಕೊಡುವಾಗ ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರು ನನ್ನ ಗುರುತು ಹಿಡಿದರು. "ಆ ಟೆಸ್ಟು ಮಾಡಿಸಿದಿರಾ?" ಎಂದು ಕೇಳಿದರು. "ತಡವಾಗಿ" ಎಂದೆ.

ಮುನಿರತ್ನಮ್ಮ ಊರಿಗೆಲ್ಲ ಹೇಳಿದರು. ಹೇಳುವವರೇ ಅವರು. ಮಗಳಿಗೆ ಉಪ್ಪು ಬಿಡಿಸಿ ಸಾಯಿಸುವುದರಲ್ಲಿದ್ದಳು ಎಂಬ ಮಾತು ಡೇರಿಯ ಸಾಲಿನಲ್ಲಿ ಅಮ್ಮನ ಕಿವಿಗೆ ಬಿತ್ತು. ಅಮ್ಮ ನನ್ನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ಬಡಿಸುವಾಗ ತಟ್ಟೆ ನನ್ನ ಮುಂದೆ ತಳ್ಳಿ ಹೋಗುತ್ತಿದ್ದಳು.

ಐದನೇ ದಿನ ಒಬ್ಬಳೇ ಎಲ್ಲಿಗೋ ಹೋಗಿ ಸಂಜೆ ಬಂದಳು. ಕಾಲಿನ ತುಂಬಾ ಕೆಂಪು ಧೂಳು. ಗಡಿಯಾಚೆಯ ಹಿರಿಯರ ಹತ್ತಿರ ಹೋಗಿದ್ದಳಂತೆ.

"ಜಗಳ ಆಡಿದ್ಯಾ?" ಎಂದೆ.

"ಆಡಾಣ ಅಂತ್ಲೇ ಓದೆ. ಎಲ್ಲಾ ಏಳ್ದೆ. ಆ ಯಪ್ಪ ಎದ್ದು ನಿಂತ್ಕಂಬುಟ್ಟ ಕಣೇ. 'ವಾಸಿ ಆದೋರೆಲ್ಲ ಬಂದು ಏಳ್ತಾರೆ ತಾಯಿ, ಆಗ್ದೋರು ಒಬ್ರೂ ತಿರ್ಗಿ ಬರಾಕಿಲ್ಲ. ನಂಗೆಂಗೆ ಗೊತ್ತಾಗ್ಬೇಕು?' ಅಂದ."

ಅಮ್ಮ ಕಾಲು ಚಾಚಿ ಕೂತಳು.

"ಆ ಡಾಕ್ಟ್ರು ಏನ್ ನೋಡಿದ್ರು, ಏನ್ ಕೇಳಿದ್ರು, ಇನ್ನೊಂದ್ ದಪ ಏಳು ಅಂದ. ಇಂಥೋರು ಬಂದ್ರೆ ಇನ್ಮ್ಯಾಕೆ ಆಸ್ಪತ್ರೆಗೇ ಕಳಿಸ್ತೀನಿ ಅಂದ. ಏಳ್ಕೊಟ್ಟು ಬಂದೆ."

"ಏನಂತ ಹೇಳಿಕೊಟ್ಟೆ?"

ಅಮ್ಮ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದಳು. ಹಾಲು ಕರೆದು ಕರೆದು ಒರಟಾದ ಕೈ. ಇನ್ನೊಂದು ಕೈಯ ಬೆರಳಿನಿಂದ ಗೆರೆಗಳ ಉದ್ದಕ್ಕೂ ಒಂದೊಂದಾಗಿ ಎಳೆದು ತೋರಿಸಿದಳು. "ಇಲ್ಲಿ ನೋಡು ಅಂದೆ. ಆಮ್ಯಾಕೆ ಒಸಡು ನೋಡು. ಆಮ್ಯಾಕೆ ಅವ್ರ ಅಮ್ಮನ್ನ ಒಸಿ ಆಚೆ ಕಳ್ಸಿ ಉಪ್ಪಿನ್ ಮಾತು ಕೇಳು ಅಂದೆ."